ಕೋವಿ ಒಂದು, ಕುದುರೆ ಒಂದು

ಆ ಬೀದಿಯಲ್ಲಿ ಅವಳನ್ನು ಅತ್ತಿಗೆ ಎಂದು ಕರೆಯುವ ಹಕ್ಕು ನ್ಯಾಯವಾಗಿ ಒಬ್ಬಳಿಗೇ ಇದ್ದದ್ದು, ಅವಳ ನಾದಿನಿಗೆ. ಆದರೆ ನಾದಿನಿಯ ಗಂಟಲು ದೊಡ್ಡದು. ಮಹಡಿಯಿಂದ ಅವಳು ಒಂದು ಸಲ ಅತ್ತಿಗೇ ಎಂದರೆ ಮೂಲೆಯ ಔಷಧಿ ಅಂಗಡಿಯವನೂ ತಲೆಯೆತ್ತುತ್ತಿದ್ದ. ಹೀಗೆ ಕೇಳಿ ಕೇಳಿ ಊರಿಗೆಲ್ಲ ಅವಳು ಅತ್ತಿಗೆಯಾದಳು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಬ್ಯಾಂಕಿನ ಮ್ಯಾನೇಜರು ಕೂಡ ಅಂಗಡಿಗೆ ಬಂದು, ಅತ್ತಿಗೆ, ಈ ಪ್ಯಾಂಟಿನ ಸೊಂಟ ಒಂದಿಂಚು ಸಡಿಲ ಮಾಡಿಕೊಡಿ ಎನ್ನುತ್ತಿದ್ದರು. ಅತ್ತಿಗೆ ಎರಡಿಂಚು ಸಡಿಲ ಮಾಡಿಕೊಡುತ್ತಿದ್ದಳು. ಸೊಂಟದ ವಿಷಯದಲ್ಲಿ ಗಂಡಸರು ನಿಜ ಹೇಳಿದ್ದನ್ನು ಮೂವತ್ತು ವರ್ಷದ ಹೊಲಿಗೆಯಲ್ಲಿ ಅವಳು ಕಂಡಿರಲಿಲ್ಲ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಗೋಡೆಗೆ ಅವಳ ಎರಡು ಮಿಷನ್ನು, ಇಸ್ತ್ರಿ ಮೇಜು. ಕಿಟಕಿಯ ಬಳಿ ಗಂಡನ ಗಡಿಯಾರ ರಿಪೇರಿ. ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಸಂಜೆಯವರೆಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಯಾರಾದರೂ ಜೋರಾಗಿ ಸೀನಿದರೆ ಅವನ ಹಲ್ಲುಚಕ್ರಗಳು ಹಾರಿ ಇವಳ ಚಿಂದಿ ಬುಟ್ಟಿಗೆ ಬೀಳುತ್ತಿದ್ದವು. ಅಂಥವನ ಹೆಂಡತಿ ಕೋವಿ ಹಿಡಿದಳು.

ಹಿಡಿದದ್ದೂ ಹೊಲಿಗೆಯ ದೆಸೆಯಿಂದಲೇ. ಊರಾಚೆ ಒಂದು ರೈಫಲ್ ಕ್ಲಬ್ಬಿತ್ತು. ನಿವೃತ್ತರಾದ ಗಂಡಸರು ಭಾನುವಾರ ಬೆಳಿಗ್ಗೆ ಅಲ್ಲಿ ಹೊಟ್ಟೆಯ ಮೇಲೆ ಮಲಗಿ, ಐವತ್ತು ಮೀಟರ್ ಆಚೆ ನೇತುಹಾಕಿದ ಕಾಗದಕ್ಕೆ ತೂತು ಮಾಡುತ್ತಿದ್ದರು. ಮನೆಯಲ್ಲಿ ಆ ಹೊತ್ತಿಗೆ ಮಲಗಿದ್ದರೆ ಹೆಂಡತಿ ಎಬ್ಬಿಸುತ್ತಾಳೆ. ಅಲ್ಲಿ ಅದಕ್ಕೆ ಕ್ರೀಡೆ ಎಂದು ಹೆಸರು. ಹಾಗೆ ಮಲಗಿ ಹೊಡೆಯುವವರಿಗೆ ದಪ್ಪ ಕ್ಯಾನ್ವಾಸಿನ ಕೋಟು ಬೇಕು. ಅತ್ತಿಗೆ ಎಂಟು ಕೋಟು ಹೊಲಿದುಕೊಟ್ಟಳು, ಎಂಟೂ ಕಂಕುಳಲ್ಲಿ ಹರಿದು ವಾಪಸು ಬಂದವು. ಇವರು ಮಲಗುವ ಚೆಂದ ನೋಡದೆ ಹೊಲಿದದ್ದೇ ತಪ್ಪು ಎಂದು ಅವಳು ಟೇಪು ಹಿಡಿದು ಕ್ಲಬ್ಬಿಗೇ ಹೋದಳು. ತಾನೇ ಒಂದು ಕೋಟು ತೊಟ್ಟು ಚಾಪೆಯ ಮೇಲೆ ಮಲಗಿ, ಎಲ್ಲಿ ಹಿಡಿಯುತ್ತದೆ ಎಂದು ನೋಡತೊಡಗಿದಳು. ಕ್ಲಬ್ಬಿನ ಅಧ್ಯಕ್ಷರು ತಮಾಷೆಗೆ ಒಂದು ಕೋವಿಯನ್ನೂ ಕೈಗಿಟ್ಟು, ಗುಂಡಿ ಹೊಲಿಯೋರಿಗೆ ಗುಂಡಿನ ರುಚಿಯೂ ಗೊತ್ತಿರಲಿ ಎಂದರು. ಅವಳು ಐದು ಗುಂಡು ಹೊಡೆದಳು. ಐದೂ ಒಂದು ಕೋಟಿನ ಗುಂಡಿಯಷ್ಟು ಜಾಗದಲ್ಲಿ ಕೂತಿದ್ದವು. ಅಧ್ಯಕ್ಷರು ಆ ಕಾಗದವನ್ನು ಬಿಚ್ಚಿ ತಂದು, ಬಿಸಿಲಿಗೆ ಹಿಡಿದು, ತೂತುಗಳನ್ನು ಎರಡು ಸಲ ಎಣಿಸಿದರು.

ಆಮೇಲೆ ಕಣ್ಣು ಸೋತು ಆಟ ಬಿಟ್ಟ ಸದಸ್ಯನೊಬ್ಬನ ಹಳೆಯ ಕೋವಿಯನ್ನು ಅವಳು ತೆಗೆದುಕೊಂಡಳು. ಲೈಸೆನ್ಸಿಗೆ ಒಂದು ವರ್ಷ ಹಿಡಿಯಿತು. ಪೊಲೀಸಿನವನು ಬೀದಿಗೆ ಬಂದು, ಈ ಮನೆಯಾಕೆ ಜಗಳಗಂಟಿಯೇ ಎಂದು ವಿಚಾರಿಸಿದನಂತೆ. ಅತ್ತಿಗೆಯೋ ನಾದಿನಿಯೋ ಸರಿಯಾಗಿ ಹೇಳಿ ಎಂದರಂತೆ ಬೀದಿಯವರು. ಕೋವಿ ಕೈಗೆ ಬಂದಾಗ ಅದು ಯಾರೋ ಆರಡಿ ಗಂಡಸಿನ ಅಳತೆಯದು. ಅತ್ತಿಗೆ ಗಿಡ್ಡಿ. ಭುಜದಿಂದ ಬೆರಳಿನ ತುದಿಯವರೆಗೆ ತನ್ನ ತೋಳನ್ನು ತಾನೇ ಅಳೆದುಕೊಂಡು, ಭುಜಕ್ಕೆ ಒತ್ತುವ ಮರದ ಬುಡವನ್ನು ಬಡಗಿಯಿಂದ ಎರಡು ಬೆರಳಿನಷ್ಟು ಕೊಯ್ಯಿಸಿದಳು. ಕೆನ್ನೆ ತಾಗುವ ಕಡೆ ಚರ್ಮ ಸುತ್ತಿ ಒಳಹೊಲಿಗೆ ಹಾಕಿದಳು. ಅಲ್ಲಿಂದ ಮುಂದೆ ಆ ಕೋವಿ ಅವಳಿಗೊಬ್ಬಳಿಗೇ ಒಪ್ಪುವ ವಸ್ತುವಾಯಿತು.

ವರ್ಷಕ್ಕೊಮ್ಮೆ ಪಕ್ಕದ ದೇಶದ ಕ್ಲಬ್ಬಿನವರು ಪಂದ್ಯಕ್ಕೆ ಬರುತ್ತಿದ್ದರು. ಗಡಿಯ ಈಚೆ ಆಚೆ ಆಡುವ ಮಾತು ಒಂದೇ, ಕಾಗದದ ಭಾಷೆ ಮಾತ್ರ ಬೇರೆ. ಅವರಲ್ಲಿ ಒಬ್ಬಳು ನಿವೃತ್ತ ನರ್ಸು, ಅಗಲ ಟೋಪಿಯವಳು. ಐವತ್ತೈದು ದಾಟಿದವರ ಪಂದ್ಯದಲ್ಲಿ ಅತ್ತಿಗೆಗೆ ಸರಿಸಾಟಿ ಎಂದರೆ ಅವಳೊಬ್ಬಳೇ. ಎರಡು ವರ್ಷ ಅತ್ತಿಗೆಯೇ ಗೆದ್ದಳು. ಎರಡನೆಯ ಸಲ ಟೋಪಿಯವಳು ಕೋವಿ ಒರೆಸುತ್ತ, ಸಿಟ್ಟಿಲ್ಲದೆಯೇ ಒಂದು ಮಾತು ಅಂದಳು.

"ನಿಮ್ಮ ಮೈದಾನ, ನಿಮ್ಮ ಗಾಳಿ. ಮನೆ ಬೆಕ್ಕು ಅಡುಗೆಮನೇಲಿ ಗೆದ್ದ ಹಾಗೆ. ಒಂದ್ಸಲ ನಮ್ಮ ಕಡೆ ಬಂದು ಹೊಡೀರಿ ನೋಡೋಣ."

ಆ ಮಾತು ಅತ್ತಿಗೆಗೆ ಬೆರಳಿಗೆ ಸೂಜಿ ಚುಚ್ಚಿದ ಹಾಗೆ ನಾಟಿತು. ಹೋಗಬೇಕು, ತನ್ನದೇ ಕೋವಿ ಒಯ್ದು ಅವರ ಮೈದಾನದಲ್ಲಿ ಹೊಡೆಯಬೇಕು ಎಂದು ನಿಶ್ಚಯಿಸಿದಳು. ಅದೂ ಈ ವರ್ಷವೇ. ಬಲಗಣ್ಣಿಗೆ ಪೊರೆ ಬರುತ್ತಿದೆ, ಚಳಿಗಾಲದಲ್ಲಿ ಆಪರೇಷನ್ ಆಗಬೇಕು, ಆಮೇಲೆ ಹೇಗೋ ಏನೋ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅವಳು ಗುರಿ ನೋಡುವುದು ಬಲಗಣ್ಣಿನಿಂದಲೇ.

ಕೋವಿ ಹಿಡಿದು ದೇಶ ದಾಟುವುದೆಂದರೆ ಕೊಡೆ ಹಿಡಿದು ಬೀದಿ ದಾಟಿದಂತಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಮೊದಲು ತನ್ನ ಲೈಸೆನ್ಸು ಹೊಸದಾಗಿರಬೇಕು. ಕೋವಿಯನ್ನು ಮಾರುವುದಿಲ್ಲ, ಇಂಥ ತಾರೀಖಿನೊಳಗೆ ವಾಪಸು ತರುತ್ತೇನೆ ಎಂದು ನಮ್ಮ ಸರಕಾರಕ್ಕೆ ಬರೆದುಕೊಟ್ಟು ಹೊರಗೆ ಒಯ್ಯುವ ಪರವಾನಗಿ ಪಡೆಯಬೇಕು. ಆಚೆಯ ಕ್ಲಬ್ಬು ಕರೆದಿದೆ ಎಂಬ ಪತ್ರ ಬೇಕು. ಆ ಪತ್ರ ತೋರಿಸಿ ಆಚೆಯ ಸರಕಾರದಿಂದ ಒಳಗೆ ತರುವ ಪರವಾನಗಿ ಪಡೆಯಬೇಕು, ಅದರಲ್ಲಿ ಕೋವಿಯ ಮೇಲೆ ಕೆತ್ತಿದ ನಂಬರು ಒಂದಂಕಿ ತಪ್ಪದೆ ಇರಬೇಕು. ಪ್ರಯಾಣದಲ್ಲಿ ಕೋವಿ ಖಾಲಿ ಇರಬೇಕು, ಗಟ್ಟಿ ಪೆಟ್ಟಿಗೆಯಲ್ಲಿರಬೇಕು, ಬೀಗ ಬಿದ್ದಿರಬೇಕು, ಕೀಲಿ ಲೈಸೆನ್ಸಿನವಳ ಕೈಯಲ್ಲೇ ಇರಬೇಕು. ಗುಂಡುಗಳು ಬೇರೆ ಡಬ್ಬಿಯಲ್ಲಿ, ಎಣಿಸಿ. ಗಡಿಯಲ್ಲಿ ಅವರು ಕೇಳುವ ಮೊದಲೇ ತಾನಾಗಿ ಹೋಗಿ ಹೇಳಬೇಕು. ಇಷ್ಟನ್ನು ಕೇಳಿ ಗಂಡ ಭೂತಗನ್ನಡಿ ತೆಗೆದು, ನಿನ್ನನ್ನ ನನಗೆ ಕೊಡೋವಾಗ ಇದರ ಕಾಲು ಭಾಗ ವಿಚಾರಿಸಲಿಲ್ಲ ನಿಮ್ಮಪ್ಪ ಎಂದ. ಆ ತಿಂಗಳು ಅವನು ಆಡಿದ ಉದ್ದನೆಯ ಮಾತು ಅದೇ.

ಆಚೆಯವರೇ ಕೋವಿ ಕೊಡುತ್ತಾರಂತಲ್ಲ, ಬರಿಗೈಯಲ್ಲಿ ಹೋಗಬಾರದೇ ಎಂದು ನಾದಿನಿ ಕೇಳಿದಳು. "ಇನ್ನೊಬ್ಬರ ಬ್ರಷ್ಷಲ್ಲಿ ಹಲ್ಲುಜ್ಜು ಅಂದ್ರೆ ಉಜ್ತೀಯೇನೆ ನೀನು?" ಎಂದಳು ಅತ್ತಿಗೆ. ಆ ಮಾತು ಅಲ್ಲಿಗೆ ಮುಗಿಯಿತು.

ಅರ್ಜಿಯನ್ನು ಅವಳು ನಾಲ್ಕು ದಿನ ಕೂತು ನಮ್ಮ ಭಾಷೆಯಲ್ಲೇ ತುಂಬಿದಳು. ಕೊನೆಯಲ್ಲಿ ಒಂದು ಕಲಮು: ಆಯುಧದಲ್ಲಿ ಏನಾದರೂ ಬದಲಾವಣೆ ಮಾಡಿಸಿದ್ದರೆ ವಿವರಿಸಿ. ಏನೂ ಇಲ್ಲ ಎಂದು ಬರೆದುಬಿಡಿ ಎಂದ ಕೋವಿ ರಿಪೇರಿಯವನು. ಅತ್ತಿಗೆ ಕೇಳಲಿಲ್ಲ. ಮರ ಕತ್ತರಿಸಿದ್ದು ಬರೆದಳು. ಕುದುರೆ ಬದಲಾಯಿಸಿದ್ದನ್ನೂ ಬರೆದಳು. ಕೋವಿಯಲ್ಲಿ ಬೆರಳಿನಿಂದ ಎಳೆಯುವ ಕೊಂಡಿಗೆ ಕುದುರೆ ಎಂದು ಹೆಸರು, ಅದನ್ನು ಎಳೆದರೆ ಗುಂಡು ಹಾರುತ್ತದೆ. ನಮ್ಮ ಮಾತಿನಲ್ಲಿ ಕುದುರೆಗಳಿಗೆ ಬರವಿಲ್ಲ. ಪಿಟೀಲಿನ ತಂತಿ ಕೂರುವುದು ಕುದುರೆಯ ಮೇಲೆ, ಚದುರಂಗದಲ್ಲಿ ಅಡ್ಡಾದಿಡ್ಡಿ ಹಾರುವುದು ಕುದುರೆ, ನಿಜವಾದ ಕುದುರೆಯಂತೂ ಇದ್ದೇ ಇದೆ. ಅತ್ತಿಗೆ ಬರೆದದ್ದು ಇಷ್ಟು: "ಕುದುರೆ ಒಂದು. ಹಳೆಯದು ಬಹಳ ಹಟಮಾರಿಯಾಗಿತ್ತು, ತೆಗೆಸಿದೆ. ಎಂಟು ತಿಂಗಳ ಹಿಂದೆ ತಂದ ಹೊಸದು ಸೌಮ್ಯ. ಬೆರಳು ಸೋಕಿದರೆ ಸಾಕು, ಮಾತು ಕೇಳುತ್ತದೆ."

ಈ ಅರ್ಜಿ ಆಚೆಯ ಭಾಷೆಗೆ ತಿರುಗಬೇಕಲ್ಲ. ಅದಕ್ಕೆ ಕಚೇರಿಯ ಎದುರು ಭಾಷಾಂತರದ ಮೇಷ್ಟ್ರೊಬ್ಬರು ಮೇಜು ಹಾಕಿಕೊಂಡಿದ್ದರು. ಇಪ್ಪತ್ತು ವರ್ಷದಿಂದ ಅವರ ಕೈಗೆ ಬರುತ್ತಿದ್ದದ್ದು ಗಡಿ ದಾಟುವ ದನ, ಕುರಿ, ಕತ್ತೆಗಳ ಕಾಗದ. ಕೋವಿಯನ್ನು ಅವರು ದೂರದಿಂದಲೂ ಕಂಡವರಲ್ಲ. ಕುದುರೆ ಎಂಬ ಪದ ಕಂಡೊಡನೆ ಬಿಸಿಲಲ್ಲಿ ಬಂದವರಿಗೆ ಮನೆ ಸಿಕ್ಕ ಹಾಗಾಗಿರಬೇಕು. ಬಾಯಿಪಾಠವಾಗಿದ್ದ ಶಬ್ದಗಳನ್ನೆಲ್ಲ ಸುರಿದು, ಸವಾರಿ ಪ್ರಾಣಿ ಒಂದು, ಸೌಮ್ಯ ಸ್ವಭಾವದ್ದು ಎಂದು ಠಾಕುಠೀಕಾಗಿ ಬರೆದು ಮೊಹರು ಒತ್ತಿದರು. ಆಚೆಯ ಕಚೇರಿಯವರು ಕೋವಿಯನ್ನೂ ಕುದುರೆಯನ್ನೂ ಕ್ಲಬ್ಬಿನ ಪತ್ರವನ್ನೂ ಒಟ್ಟಿಗೆ ನೋಡಿ, ಇದು ಕುದುರೆ ಮೇಲೆ ಕೂತು ಗುಂಡು ಹೊಡೆಯುವ ಆಟ ಎಂದುಕೊಂಡರು. ಐವತ್ತೇಳು ವರ್ಷದ ಹೆಂಗಸು ಎಂಬುದನ್ನು ಓದಿ ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿರಬಹುದು. ಆದರೂ ಪರವಾನಗಿ ಕೊಟ್ಟರು. ಕೋವಿ ಒಂದು, ಕುದುರೆ ಒಂದು.

ಆ ಭಾಷೆ ಓದಲು ಬಾರದ ಅತ್ತಿಗೆ ಕೋವಿಯ ನಂಬರನ್ನು ಮಾತ್ರ ಮೂರು ಸಲ ತಾಳೆ ನೋಡಿ, ಪರವಾನಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಳು.

ಪಂದ್ಯದ ದಿನ ಬೆಳಿಗ್ಗೆ ನಾದಿನಿ ತನ್ನ ಲಾಂಡ್ರಿ ವ್ಯಾನು ತಂದಳು. ಅವಳು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಸಿ ತಲುಪಿಸುವವಳು, ವ್ಯಾನಿನಲ್ಲಿ ಯಾವಾಗಲೂ ಸೋಪಿನ ವಾಸನೆ. ಹಿಂದುಗಡೆ ಪೆಟ್ಟಿಗೆ, ಮುಂದುಗಡೆ ಇಬ್ಬರು. ಹತ್ತು ಗಂಟೆಗೆ ಗಡಿ ಸೇರಿದರು. ಪಂದ್ಯ ಮೂರಕ್ಕೆ, ಮೈದಾನ ಅಲ್ಲಿಂದ ಎರಡು ಗಂಟೆಯ ದಾರಿ. ನಮ್ಮ ಕಡೆಯವರು ನಂಬರು ನೋಡಿ ಹೊರಗೆ ಬಿಟ್ಟರು. ಆಚೆಯ ಕಡೆ ಅತ್ತಿಗೆ ನಿಯಮದಂತೆ ತಾನಾಗಿ ಕೌಂಟರಿಗೆ ಹೋಗಿ, ಕೋವಿ ತಂದಿದ್ದೇನೆ ಎಂದಳು. ಅಧಿಕಾರಿ ತೆಳ್ಳಗಿನ ಗಂಭೀರ ಮನುಷ್ಯ. ಅವನ ಕೋಟಿನ ತೋಳು ಅರ್ಧ ಇಂಚು ಉದ್ದವಾಗಿದ್ದದ್ದು ಅತ್ತಿಗೆಯ ಕಣ್ಣಿಗೆ ಬಿತ್ತು. ಅವನು ಪೆಟ್ಟಿಗೆ ತೆಗೆಸಿ ನಂಬರು ನೋಡಿದ, ಗುಂಡು ಎಣಿಸಿದ, ಐವತ್ತು. ಕಾಗದಕ್ಕೆ ಟಿಕ್ಕು ಹಾಕಿದ. ಆಮೇಲೆ ಪೆನ್ನು ಎರಡನೆಯ ಸಾಲಿನ ಮೇಲೆ ನಿಂತಿತು.

"ಕೋವಿ ಸರಿ. ಕುದುರೆ ಎಲ್ಲಿ?"

"ಎಲ್ಲಿ ಅಂದ್ರೆ? ಒಳಗೇ ಇದೆ ಸಾರ್," ಎಂದಳು ನಾದಿನಿ.

ಅವನು ಎದ್ದು ಹೋಗಿ ವ್ಯಾನನ್ನು ಒಂದು ಸುತ್ತು ಹಾಕಿದ. ಹಿಂದಿನ ಬಾಗಿಲಿಗೆ ಕಿವಿಯಿಟ್ಟ. ಬಂದು, "ಇಷ್ಟು ಚಿಕ್ಕ ಗಾಡೀಲಿ ನಿಲ್ಲಿಸ್ಕೊಂಡು ಬಂದ್ರಾ?" ಎಂದ.

"ಹೆಬ್ಬೆರಳಷ್ಟೂ ಇಲ್ಲ ಅದು. ಇದಕ್ಕೆ ಇನ್ನೆಷ್ಟು ದೊಡ್ಡ ಗಾಡಿ ತರೋದು?"

ಅಧಿಕಾರಿ ನಾದಿನಿಯನ್ನು ಬಿಟ್ಟು ಅತ್ತಿಗೆಯ ಕಡೆ ತಿರುಗಿ, ಪರವಾನಗಿಯ ಸಾಲನ್ನು ಆಡುಮಾತಿನಲ್ಲಿ ಓದಿ ಹೇಳಿದ. ಅತ್ತಿಗೆಗೆ ಮೊದಲು ನಗು ಬಂತು. ಅವನು ನಗದಿದ್ದುದನ್ನು ಕಂಡು ಅದು ಹಾಗೇ ಒಣಗಿತು. ಅವಳು ಪೆಟ್ಟಿಗೆಯೊಳಗಿನ ಕೊಂಡಿಯನ್ನು ತೋರಿಸಿ, ಇದೇ ಕುದುರೆ ಎಂದು ಬಿಡಿಸಿ ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ ಎಂದಲ್ಲ. ಅವನ ಅಜ್ಜನ ಮನೆಯಲ್ಲೂ ಕೋವಿ ಇತ್ತಂತೆ, ಕುದುರೆ ಅವನಿಗೂ ಗೊತ್ತು. ಆದರೆ ಪರವಾನಗಿಯಲ್ಲಿರುವ ಸಾಲನ್ನು ಹೊಡೆದುಹಾಕುವ ಅಧಿಕಾರ ಗಡಿಯಲ್ಲಿ ಯಾರಿಗೂ ಇಲ್ಲ, ತಿದ್ದುಪಡಿಗೆ ರಾಜಧಾನಿಗೆ ಬರೆಯಬೇಕು, ಇಪ್ಪತ್ತೊಂದು ದಿನ ಆಗುತ್ತದೆ ಎಂದ. ಕಾಗದಕ್ಕೂ ಸಾಮಾನಿಗೂ ತಾಳೆಯಾಗದಿದ್ದರೆ ಒಳಗೆ ಬಿಡುವಂತಿಲ್ಲ. ಕುದುರೆ ಒಳಗೆ ಬಂತೆಂದು ಬರೆದುಕೊಂಡರೂ ತೊಂದರೆಯೇ, ವಾಪಸು ಹೋಗುವಾಗ ಕುದುರೆ ಇಲ್ಲದಿದ್ದರೆ ಇಲ್ಲೇ ಮಾರಿದರು ಎಂದಾಗುತ್ತದೆ. ಕೋವಿಯನ್ನು ಇಲ್ಲಿ ಬಿಟ್ಟು ನೀವು ಹೋಗಿಬನ್ನಿ, ಇಲ್ಲವೇ ಕೋವಿಯೊಂದಿಗೆ ಮನೆಗೆ ಹೋಗಿ ಎಂದು ಎರಡು ದಾರಿ ತೋರಿಸಿದ.

ನಾದಿನಿ ಅವನ ಮುಂದೆಯೇ ಭಾಷಾಂತರದ ಮೇಷ್ಟ್ರ ಏಳು ತಲೆಮಾರನ್ನು ನೆನೆದಳು. ಅದು ಮುಗಿದ ಮೇಲೆ ಅತ್ತಿಗೆಯ ಕಿವಿಯಲ್ಲಿ, ಹೋಗ್ಲಿ ಬಿಡಿ, ಅವರದೇ ಕೋವಿ ತಗೊಂಡು ಹೊಡೆದ್ರಾಯ್ತು ಎಂದಳು. ಅತ್ತಿಗೆ ಬೇಡವೆಂದು ತಲೆಯಾಡಿಸಿದಳು. ಬೆಂಚಿನ ಮೇಲೆ ಕೂತು ಯೋಚಿಸಿದಳು. ಅಧಿಕಾರಿ ಕೆಟ್ಟವನಲ್ಲ, ಬಟ್ಟೆ ಎಷ್ಟಿದೆಯೋ ಅಷ್ಟರಲ್ಲೇ ಕತ್ತರಿಸಬೇಕಾದ ಪರಿಸ್ಥಿತಿ ಅವನದು. ಇರುವ ಬಟ್ಟೆಯಲ್ಲೇ ಕೋಟು ಬರುತ್ತದೋ ಎಂದು ನೋಡಬೇಕು, ಅಷ್ಟೆ. ಹನ್ನೊಂದೂವರೆಗೆ ಅವಳು ಎದ್ದು ಮತ್ತೆ ಕೌಂಟರಿಗೆ ಹೋದಳು.

"ಬಂದಿರೋದು ಕುದುರೆ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡೋರು ಯಾರಪ್ಪ? ನೀನಾ?"

"ನಾನಲ್ಲಮ್ಮ. ಪ್ರಾಣಿ ಬಂದ್ರೆ ನೋಡೋದು ದನದ ಡಾಕ್ಟ್ರು."

"ಹಾಗಿದ್ರೆ ಅವರನ್ನ ಕರೀ. ನನ್ನ ಕುದುರೆ ನೋಡ್ಲಿ."

ದನದ ಡಾಕ್ಟರು ಹಿಂದಿನ ಷೆಡ್ಡಿನಲ್ಲಿ ಅರವತ್ತು ಮೇಕೆಗಳ ಬಾಯಿ ನೋಡುತ್ತಿದ್ದರು. ಅದು ಮುಗಿಯುವ ಹೊತ್ತಿಗೆ ಹನ್ನೆರಡೂವರೆ. ಮಂಡಿಯವರೆಗಿನ ರಬ್ಬರ್ ಬೂಟು, ಕೈಯಲ್ಲಿ ಫಾರಂ ಪುಸ್ತಕ. ಬಂದವರು ಪೆಟ್ಟಿಗೆಯೊಳಗೆ ಇಣುಕಿದರು, ಅಧಿಕಾರಿಯ ಮುಖ ನೋಡಿದರು, ಪರವಾನಗಿ ಓದಿದರು. ಸುಳ್ಳು ಮಾತ್ರ ಬರೆಯೋದಿಲ್ಲ ನಾನು ಎಂದು ಮೊದಲೇ ಹೇಳಿದರು. ನನಗೂ ಬೇಡ ಎಂದಳು ಅತ್ತಿಗೆ. ಅವರು ಕುರ್ಚಿ ಎಳೆದುಕೊಂಡು ಕೂತು ಫಾರಮ್ಮಿನ ಒಂದೊಂದೇ ಕಲಮನ್ನು ಕೇಳತೊಡಗಿದರು.

ಬಣ್ಣ? ಕಪ್ಪು. ಬಂದು ಎಷ್ಟಾಯಿತು? ಈಗ ಹತ್ತು ತಿಂಗಳು. ಗಂಡೋ ಹೆಣ್ಣೋ ಎಂದಾಗ ತಾನು ಅಷ್ಟು ಬಗ್ಗಿ ನೋಡಿಲ್ಲ ಎಂದಳು ಅತ್ತಿಗೆ. ಡಾಕ್ಟರು ಅಲ್ಲೊಂದು ಗೆರೆ ಎಳೆದರು. ಹಲ್ಲು ಎಷ್ಟು ಎಂದಾಗ, ಒಂದೇ, ಒಳಗಡೆ ಕಚ್ಚಿ ಹಿಡಿಯುವುದು ಅದೇ ಎಂದಳು. ಮೇವು? ತಿಂಗಳಿಗೊಂದು ಹನಿ ಎಣ್ಣೆ. ಅಧಿಕಾರಿ ಅಷ್ಟು ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ, ಅವನ ಹೆಗಲು ಅಲುಗುತ್ತಿತ್ತು.

"ಒದೆಯುತ್ತಾ?" ಎಂದರು ಡಾಕ್ಟರು.

"ಕುದುರೆ ಒದೆಯಲ್ಲ. ಕೋವಿ ಒದೆಯುತ್ತೆ, ಸ್ವಲ್ಪ."

ಒದೆಯುವುದಿಲ್ಲ ಎಂದು ಬರೆದುಕೊಂಡು ಅವರು ಪುಟ ತಿರುವಿದರು. ಅಲ್ಲಿ ಅವರ ಮುಖ ಸಪ್ಪಗಾಯಿತು. ಹೊರಗಿನಿಂದ ಬಂದ ಕುದುರೆಯನ್ನು ಒಂದು ದಿನ ಗಡಿಯ ಷೆಡ್ಡಿನಲ್ಲೇ ಕಟ್ಟಿಹಾಕಿ, ರೋಗ ಇಲ್ಲವೆಂದು ಖಾತ್ರಿಯಾದ ಮೇಲೇ ಬಿಡಬೇಕಂತೆ. ಗಂಟೆ ಆಗಲೇ ಒಂದಕ್ಕೆ ಹತ್ತು ನಿಮಿಷ. ನಾದಿನಿ ಬಾಯಿ ತೆರೆದಳು, ಅತ್ತಿಗೆ ಅವಳ ಕಾಲು ತುಳಿದಳು.

"ಅಲ್ಲಿ ಬರೆದಿರೋದನ್ನ ಪೂರ್ತಿ ಓದಿ ಡಾಕ್ಟ್ರೆ. ನಿಧಾನಕ್ಕೆ."

ಡಾಕ್ಟರು ಓದಿದರು. ಗೊರಸುಳ್ಳ ಪ್ರಾಣಿಗಳನ್ನು ಒಂದು ದಿನ ಪ್ರತ್ಯೇಕವಾಗಿ ಕಟ್ಟಿಹಾಕತಕ್ಕದ್ದು.

"ಗೊರಸಿದೆಯಾ ಇದಕ್ಕೆ?" ಎಂದಳು ಅತ್ತಿಗೆ.

ಡಾಕ್ಟರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ನಿಜವಾಗಿಯೂ ಪೆಟ್ಟಿಗೆಯೊಳಗೆ ಬಗ್ಗಿ ಕೊಂಡಿಯ ಸುತ್ತ ನೋಡಿದರು. ಗೊರಸು ಇಲ್ಲ ಎಂದರು. ಗೊರಸಿಲ್ಲದ ಮೇಲೆ ಕಟ್ಟಿಹಾಕುವಂತಿಲ್ಲ. ಷರಾ ಎಂಬಲ್ಲಿ ದುಂಡಗೆ ಬರೆದರು: ಉಕ್ಕಿನ ಕುದುರೆ, ಕೋವಿಗೆ ಜೋಡಿಸಿದ್ದು, ಅಂಟುರೋಗದ ಲಕ್ಷಣಗಳಿಲ್ಲ, ಕೋವಿಯೊಂದಿಗೇ ವಾಪಸು ಹೋಗತಕ್ಕದ್ದು. ಸಹಿ, ಮೊಹರು. ಅಧಿಕಾರಿ ಎರಡನೆಯ ಸಾಲಿಗೂ ಟಿಕ್ಕು ಹಾಕಿ ಅಡ್ಡಗಂಬ ಎತ್ತಿಸಿದ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನಾದಿನಿ ಆ ಎರಡು ಗಂಟೆಯ ದಾರಿಯನ್ನು ಒಂದೂ ಮುಕ್ಕಾಲರಲ್ಲಿ ಓಡಿಸಿದಳು. ಮೈದಾನ ಮುಟ್ಟಿದಾಗ ಎಲ್ಲರೂ ಚಾಪೆ ಹಾಸಿಕೊಂಡು ಮಲಗಿಯಾಗಿತ್ತು. ಅತ್ತಿಗೆ ಕೋಟು ತೊಟ್ಟು ಕೊನೆಯ ಚಾಪೆಯಲ್ಲಿ ಮಲಗಿದಳು, ಪಕ್ಕದಲ್ಲೇ ಅಗಲ ಟೋಪಿ. ಊಟವಿಲ್ಲದ ಹೊಟ್ಟೆ ಗುರುಗುಟ್ಟುತ್ತಿತ್ತು. ಕೆನ್ನೆ ಚರ್ಮಕ್ಕೆ ತಾಗಿತು, ಬುಡ ಭುಜದ ಗುಳಿಯಲ್ಲಿ ಕೂತಿತು, ಬೆರಳು ಕುದುರೆಯ ಮೇಲೆ ಬಂತು. ಆಮೇಲೆ ಅವಳಿಗೆ ಹೊಟ್ಟೆಯ ನೆನಪಾಗಲಿಲ್ಲ. ಆ ಮೈದಾನದಲ್ಲಿ ಗಾಳಿ ಎಡದಿಂದ ಬಂದು, ಗೋಡೆಗೆ ಬಡಿದು, ಬಲದಿಂದ ವಾಪಸು ಬರುತ್ತಿತ್ತು. ಅದು ಅವಳಿಗೆ ತಿಳಿಯುವ ಹೊತ್ತಿಗೆ ಎಂಟು ಗುಂಡು ಮುಗಿದಿದ್ದವು. ಉಳಿದ ಇಪ್ಪತ್ತೆರಡರಲ್ಲಿ ಅವಳು ಒಂದನ್ನೂ ಹಾಳುಮಾಡಲಿಲ್ಲ. ಗುರಿಯ ಕಾಗದಗಳ ಅಂಕ ಎಣಿಸಿದಾಗ ಟೋಪಿಯವಳು ಮೂರು ಅಂಕ ಮುಂದಿದ್ದಳು.

ನಾದಿನಿಗೆ ತಡೆಯಲಿಲ್ಲ. ಅತ್ತಿಗೆ, ಗಡಿಯಲ್ಲಿ ಆದದ್ದನ್ನು ಇವರಿಗೆ ಹೇಳಿ, ಮೂರು ಗಂಟೆ ಬೆಂಚಿನ ಮೇಲೆ ಕೂತು ಬಂದವರು ನೀವು ಎಂದು ಪಿಸುಗುಟ್ಟಿದಳು. ಅವಳ ಪಿಸುಮಾತು ನಾಲ್ಕು ಚಾಪೆ ಆಚೆಗೂ ಕೇಳುವಂಥದ್ದು. ಟೋಪಿಯವಳು ತಿರುಗಿ, "ಏನಾಯ್ತು? ಕೋವಿ ತೊಂದರೆ ಕೊಡ್ತಾ?" ಎಂದು ಕೇಳಿದಳು.

"ಇಲ್ಲ ಕಣ್ರಿ. ಕೋವಿ ನಂದೇ, ಸರಿಯಾಗೇ ಇತ್ತು. ಗಾಳಿ ತಿಳ್ಕೊಳ್ಳೋದ್ರಲ್ಲಿ ನಾನು ನಿಧಾನ ಆದೆ. ನೀವು ಚೆನ್ನಾಗಿ ಹೊಡೆದ್ರಿ."

ಹೇಳಿದ ಮೇಲೆ ಅತ್ತಿಗೆಗೆ ಹೊಟ್ಟೆಯುರಿ ಆಗಲೇ ಇಲ್ಲ ಎಂದರೆ ಅದು ಸುಳ್ಳು. ಆದರೆ ಬೇರೆಯವರ ಕೋವಿಯಲ್ಲಿ ಸೋತಿದ್ದರೆ ಮೂರು ಅಂಕ ಕೋವಿಯದೋ ತನ್ನದೋ ಎಂದು ಉಳಿದ ಆಯುಷ್ಯವೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿತ್ತು. ಈಗ ಆ ಗೊಂದಲವಿಲ್ಲ. ಮೂರೂ ತನ್ನವೇ.

ಡಬ್ಬಿಯಲ್ಲಿ ಇನ್ನೂ ಇಪ್ಪತ್ತು ಗುಂಡುಗಳಿದ್ದವು. ಒಯ್ದರೆ ಗಡಿಯಲ್ಲಿ ಮತ್ತೆ ಎಣಿಸಿ ಬರೆಸಬೇಕು. ಬಿಸಿಲು ಇನ್ನೂ ಇಳಿದಿರಲಿಲ್ಲ. ಅತ್ತಿಗೆ ಡಬ್ಬಿಯನ್ನು ಚಾಪೆಗಳ ನಡುವೆ ಇಟ್ಟು, ಆ ಗಾಳಿ ಗೋಡೆಯಿಂದ ಎಷ್ಟು ಹೊತ್ತಿಗೆ ತಿರುಗಿ ಬರುತ್ತೆ ಅಂತ ಸ್ವಲ್ಪ ತೋರಿಸಿಕೊಡಿ ಎಂದಳು. ಟೋಪಿಯವಳು ಟೋಪಿಯನ್ನು ತೆಗೆದು ಪಕ್ಕಕ್ಕಿಟ್ಟು, ಮೊಣಕಾಲೂರಿ, ನರಳುತ್ತ ಮತ್ತೆ ಹೊಟ್ಟೆಯ ಮೇಲೆ ಮಲಗಿದಳು. ಅತ್ತಿಗೆಯೂ ಮಲಗಿದಳು. ಅಂಕ ಬರೆಯುವವರೆಲ್ಲ ಚಹಾ ಕುಡಿಯಲು ಹೋಗಿದ್ದರು. ನಾದಿನಿ ಕಿವಿಗೆ ಹತ್ತಿ ತುರುಕಿಕೊಂಡು ವ್ಯಾನಿನ ನೆರಳಲ್ಲಿ ಕೂತಳು.